ಹಿರಿಯೂರು: ನೀರಿಗಾಗಿ ಕಾಯಲು ಕಲಿತ ಊರು

ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿಗಳ ಕಡೆಗೆ ಪಯಣಿಸುವ ನಮ್ಮ ಓದುಗರಲ್ಲಿ ಹಿರಿಯೂರನ್ನು ಹಾದುಹೋಗದವರು ವಿರಳ. ಆದರೆ ಹಿರಿಯೂರನ್ನು ಬಲ್ಲವರು ಅದಕ್ಕಿಂತಲೂ ವಿರಳ. ರಾಜಧಾನಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿ, ಹೆದ್ದಾರಿಯ ಬದಿಯಲ್ಲಿ ಕಾಫಿ ತಿಂಡಿಗೆಂದು ಬಸ್ಸು ನಿಲ್ಲುವ ಸ್ಥಳವೆಂದೇ ಬಹುಮಂದಿಗೆ ಈ ಊರಿನ ಪರಿಚಯ. ಬಯಲು, ಬಿಸಿಲು, ಜಾಲಿಯ ಮರಗಳು, ದೂರದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು ಇವಿಷ್ಟೇ ಕಿಟಕಿಯಿಂದ ಕಂಡುಬರುವ ಚಿತ್ರ. ಆದರೆ ಕರ್ನಾಟಕದ ಚರಿತ್ರೆಯಲ್ಲಿ ಬೇರಾವ ಸಣ್ಣ ಪಟ್ಟಣಕ್ಕೂ ಸುಲಭವಾಗಿ ದೊರೆಯದ ಒಂದು ಅನುಭವ ಈ ಊರಿನ ಪಾಲಿಗೆ ಬಂದಿದೆ. ತನ್ನ ಮಗ್ಗುಲಲ್ಲಿರುವ ಜಲಾಶಯವು ತುಂಬಿ ಹರಿಯುವುದನ್ನು ಕಾಣಲು ಇದು ಎಂಬತ್ತೊಂಬತ್ತು ವರ್ಷ ಕಾದ ಊರು.

ಚಿತ್ರದುರ್ಗ ಜಿಲ್ಲೆಯ ಪ್ರತಿಯೊಂದು ತಾಲ್ಲೂಕು ಕೇಂದ್ರಕ್ಕೂ ತನ್ನದೇ ಆದ ಗುರುತಿದೆ. ಚಿತ್ರದುರ್ಗಕ್ಕೆ ಏಳು ಸುತ್ತಿನ ಕೋಟೆಯಿದೆ, ಪಾಳೆಯಗಾರರ ಶೌರ್ಯದ ಕಥೆಗಳಿವೆ, ಒನಕೆ ಓಬವ್ವನ ನೆನಪಿದೆ. ಹೊಸದುರ್ಗಕ್ಕೆ ಹೆಸರಿನಲ್ಲಿಯೇ ದುರ್ಗವಿದೆ. ಹೊಳಲ್ಕೆರೆಗೆ ಬಯಲಿನಲ್ಲಿ ಕುಳಿತ ಗಣಪತಿಯ ಪ್ರಸಿದ್ಧಿಯಿದೆ. ಚಳ್ಳಕೆರೆಗೆ ಎಣ್ಣೆಯ ಮಾರುಕಟ್ಟೆಯ, ಕಂಬಳಿಯ ಕೀರ್ತಿಯಿದೆ. ಹಿರಿಯೂರಿಗೆ ಇರುವುದು ನೀರಿನ ಚರಿತ್ರೆ. ಮಳೆ ಕಡಿಮೆಯಾದ ಸೀಮೆಯೊಂದರಲ್ಲಿ ಒಂದು ಊರಿನ ಚರಿತ್ರೆಯು ನೀರಿನ ಚರಿತ್ರೆಯೇ ಆಗಿರುವುದು ವಿಚಿತ್ರವೆಂದು ತೋರಬಹುದು. ಆಲೋಚಿಸಿದರೆ ಅದುವೇ ಸಹಜವಾದುದೆಂದು ತಿಳಿಯುತ್ತದೆ.

ನದಿ, ನೆಲ, ಜನ

ಹಿರಿದಾದ ಊರು ಹಿರಿಯೂರು. ವೇದಾವತಿ ನದಿಯ ದಡದಲ್ಲಿ ಈ ಊರು ಬೆಳೆಯಿತು. ಬಾಬಾಬುಡನ್ ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಅಲ್ಲಿಂದ ಅದು ಹೊಸದುರ್ಗದ ನೆಲವನ್ನು ಹಾದು, ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯೊಂದನ್ನು ದಾಟಿ ಹಿರಿಯೂರಿಗೆ ಬರುತ್ತದೆ. ತಾಲ್ಲೂಕಿನ ಕೂಡಲಹಳ್ಳಿಯ ಬಳಿ ಸುವರ್ಣಮುಖಿಯು ಅದನ್ನು ಸೇರುತ್ತದೆ. ಮುಂದೆ ಬಳ್ಳಾರಿಯ ಸೀಮೆಯಲ್ಲಿ ಹಗರಿ ಎಂಬ ಹೆಸರನ್ನು ತಳೆದು ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಪಾಪವನ್ನು ಹರಿಸುವ 'ಅಘಹರಿ'ಯೇ ಜನರ ಬಾಯಲ್ಲಿ ಹಗರಿಯಾಯಿತೆಂದು ಹಿರಿಯರು ಹೇಳುತ್ತಾರೆ. ಹೆಸರು ಇಷ್ಟು ದೊಡ್ಡದಾದರೂ ವೇದಾವತಿಯು ವರ್ಷವಿಡೀ ಹರಿಯುವ ನದಿಯಲ್ಲ. ಮಳೆಗಾಲದಲ್ಲಿ ಕೆಲವು ದಿನ ಕೆಂಪಗೆ ಮೈದುಂಬಿ ಬಂದು, ಉಳಿದ ತಿಂಗಳುಗಳಲ್ಲಿ ಮರಳಿನ ಹಾಸಾಗಿ ಮಲಗುವುದು ಅದರ ಸ್ವಭಾವ.

ಪಶ್ಚಿಮ ಘಟ್ಟಗಳು ಮೋಡಗಳ ನೀರನ್ನೆಲ್ಲ ತಮ್ಮ ಮೈಮೇಲೆ ಸುರಿಸಿಕೊಂಡ ಅನಂತರ ಉಳಿದ ಒಣಗಾಳಿಯು ಬೀಸುವ ಮಳೆನೆರಳಿನ ನಾಡಿದು. ರಾಜ್ಯದಲ್ಲಿ ಅತಿ ಕಡಿಮೆ ಮಳೆಯನ್ನು ಪಡೆಯುವ ಪ್ರದೇಶಗಳಲ್ಲಿ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಸೇರಿವೆ. ರಾಗಿ, ಜೋಳ, ಸಜ್ಜೆ, ನವಣೆ, ಹುರುಳಿ, ಕಡಲೆಕಾಯಿ ಮೊದಲಾದ ಬೆಳೆಗಳನ್ನು ನಂಬಿ ಇಲ್ಲಿನ ರೈತನು ಬಾಳಿದ್ದಾನೆ. ಕುರಿ, ದನಗಳನ್ನು ಮೇಯಿಸುತ್ತ ಬಂದ ಕಾಡುಗೊಲ್ಲರ ಹಟ್ಟಿಗಳು ತಾಲ್ಲೂಕಿನ ಉದ್ದಗಲಕ್ಕೂ ಹರಡಿವೆ. ಅವರ ವೀರನಾದ ಜುಂಜಪ್ಪನ ಕಥೆಯೂ, ಆ ಕಥೆಯೊಡನೆ ನುಡಿಯುವ ಗಣೆ ಎಂಬ ನೀಳವಾದ ಕೊಳಲೂ ಈ ಬಯಲಿನ ಸಂಪತ್ತುಗಳು. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಹಿಂಡನ್ನು ಹೊಡೆದುಕೊಂಡು ಹೋಗುವ ಜನರ ನಡುವೆ, ನದಿಯ ದಡದಲ್ಲಿ ನೆಲೆನಿಂತ ಊರಿಗೆ 'ಹಿರಿದು' ಎಂಬ ಹೆಸರು ಸಂದುದರಲ್ಲಿ ಆಶ್ಚರ್ಯವಿಲ್ಲ.

ಊರಿನ ಹಳೆಯ ಭಾಗದ ನಡುಮನೆಯಂತಿರುವುದು ವಿಜಯನಗರದ ಕಾಲದ ತೇರುಮಲ್ಲೇಶ್ವರ ದೇವಾಲಯ. ಇದರ ಎತ್ತರವಾದ ಗೋಪುರವು ದೂರದಿಂದಲೇ ಊರಿನ ಗುರುತನ್ನು ಹೇಳುತ್ತದೆ. ನದಿ ಮತ್ತು ಶಿವಾಲಯಗಳು ಒಂದೆಡೆ ಇರುವುದರಿಂದ ಹಿರಿಯೂರನ್ನು 'ದಕ್ಷಿಣ ಕಾಶಿ' ಎಂದು ಕರೆಯುವ ವಾಡಿಕೆಯೂ ಇದೆ. ಮಾಘ ಮಾಸದಲ್ಲಿ ನಡೆಯುವ ತೇರಿಗೆ ಸುತ್ತಲಿನ ಹಳ್ಳಿಗಳ ಜನ ನೆರೆಯುತ್ತಾರೆ. ತೇರು ಚಲಿಸುವ ಮುನ್ನ 'ಮುಕ್ತಿ ಬಾವುಟ'ವನ್ನು ಹರಾಜಿನಲ್ಲಿ ಕೂಗುವುದು ಇಲ್ಲಿನ ವಿಶೇಷ ಸಂಪ್ರದಾಯ. ಜಾತ್ರೆಯೆಂದರೆ ಬಯಲುಸೀಮೆಯಲ್ಲಿ ಕೇವಲ ಪೂಜೆಯಲ್ಲ. ಸುಗ್ಗಿಯ ಲೆಕ್ಕ ಮುಗಿದ ಮೇಲೆ ನೆಂಟರಿಷ್ಟರು ಕೂಡುವ, ಹೆಣ್ಣುಗಂಡಿನ ಮಾತು ನಡೆಯುವ, ಮಳೆಬೆಳೆಯ ಭವಿಷ್ಯವನ್ನು ಊಹಿಸುವ ದಿನವದು. ಯಾವ ಮತದ ಕುಟುಂಬವೇ ಆಗಿರಲಿ, ಹಿರಿಯೂರಿನಲ್ಲಿ ನೆಲೆಸಿದ ಬಳಿಕ ವರ್ಷದ ಲೆಕ್ಕವನ್ನು ತೇರಿನ ಹಿಂದೆ, ತೇರಿನ ಮುಂದೆ ಎಂದು ಎಣಿಸದೆ ಇರಲಾಗದು.

ಬರದ ಮಗುವಾದ ಕಟ್ಟೆ

ಹಿರಿಯೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಸಾಗಿದರೆ ಎರಡು ಗುಡ್ಡಗಳು ಒಂದಕ್ಕೊಂದು ಹತ್ತಿರವಾಗಿ, ನಡುವೆ ನದಿಗೆ ಮಾತ್ರ ದಾರಿ ಬಿಟ್ಟಿರುವ ಸ್ಥಳವೊಂದು ಕಾಣಿಸುತ್ತದೆ. ಅಲ್ಲಿ ನೆಲೆಸಿದ ಕಣಿವೆ ಮಾರಮ್ಮನಿಂದಾಗಿ ಅದು ಮಾರಿ ಕಣಿವೆ. ಈ ಹೆಸರು ಬರಿಯ ದೇವತೆಯ ಹೆಸರಷ್ಟೇ ಆಗಿರದೆ, ಬರವೂ ಬೇನೆಯೂ ಜೊತೆಜೊತೆಯಾಗಿ ಬರುತ್ತಿದ್ದ ಕಾಲದ ಭಯಭಕ್ತಿಗಳ ಗುರುತೂ ಆಗಿದೆ ಎಂದು ನಮಗೆ ತೋರುತ್ತದೆ.

ಆ ಭಯಕ್ಕೆ ಕಾರಣವಿತ್ತು. 1876ರಿಂದ 1878ರವರೆಗೆ, ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಮಹಾಬರವು ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ನುಂಗಿತು. ಬಯಲುಸೀಮೆಯ ಊರುಗಳು ಬರಿದಾದವು. ಆ ದುರಂತವನ್ನು ಕಂಡ ಆಡಳಿತಗಾರರಿಗೆ, ಮಳೆ ಬಂದಾಗ ನೀರನ್ನು ಹಿಡಿದಿಡದೆ ಈ ನಾಡಿಗೆ ಉಳಿಗಾಲವಿಲ್ಲವೆಂಬುದು ಮನವರಿಕೆಯಾಯಿತು. ಮಾರಿ ಕಣಿವೆಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿದರೆ ವೇದಾವತಿಯ ನೀರೆಲ್ಲವೂ ನಿಲ್ಲುವುದೆಂಬುದು ಕಣ್ಣಿಗೆ ಕಾಣುವ ಸತ್ಯವಾಗಿತ್ತು. ಕಟ್ಟುವ ಧೈರ್ಯ ಬೇಕಾಗಿತ್ತು.

ಆ ಧೈರ್ಯವು ಒಬ್ಬ ಮಹಿಳೆಯ ಆಡಳಿತದಲ್ಲಿ ಬಂದಿತೆಂಬುದನ್ನು ನಾವು ಮರೆಯಬಾರದು. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ಈಡಾದಾಗ ಯುವರಾಜರು ಇನ್ನೂ ಹತ್ತು ವರ್ಷದ ಬಾಲಕರು. ಅವರು ಪ್ರಾಪ್ತವಯಸ್ಕರಾಗುವ 1902ರವರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯವನ್ನಾಳಿದರು. ಎಳೆಯ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ವಿಧವೆಯೊಬ್ಬರು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ನೆರವಿನೊಂದಿಗೆ, 1898ರಲ್ಲಿ ಈ ಕಾರ್ಯಕ್ಕೆ ಕೈಹಚ್ಚಿಸಿದರು. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸವು 1911ರಲ್ಲಿ ಆರಂಭವಾಗುವುದಕ್ಕಿಂತ ಮೊದಲೇ, 1907ರ ವೇಳೆಗೆ ಮಾರಿ ಕಣಿವೆಯ ಅಣೆಕಟ್ಟೆಯು ಸಿದ್ಧವಾಗಿ ನಿಂತಿತು. ಮಹಾರಾಣಿಯವರ ಗೌರವಾರ್ಥವಾಗಿ ಅದಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರಾಯಿತು. ಆದರೆ ಸುತ್ತಲಿನ ಹಳ್ಳಿಗರಿಗೆ ಅದು ಇಂದಿಗೂ ಮಾರಿ ಕಣಿವೆಯೇ. ರಾಣಿಯೂ ಮಾರಮ್ಮನೂ ಒಂದೇ ನೀರಿಗೆ ತಮ್ಮ ಹೆಸರುಗಳನ್ನು ಕೊಟ್ಟು ಜಗಳವಿಲ್ಲದೆ ಇದ್ದಾರೆ.

ಸುಮಾರು 1,330 ಅಡಿ ಉದ್ದ, 142 ಅಡಿ ಎತ್ತರದ ಈ ಕಲ್ಲುಕಟ್ಟೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಲಾಯಿತು. ಇಂದಿನ ಜಲಾಶಯಗಳಲ್ಲಿ ಕಾಣುವ ದೊಡ್ಡ ಬಾಗಿಲುಗಳ ಸಾಲು ಇದಕ್ಕಿಲ್ಲ. ನೀರು 130 ಅಡಿಯನ್ನು ಮುಟ್ಟಿದಾಗ ಪಕ್ಕದ ಕೋಡಿಯಿಂದ ತಾನಾಗಿಯೇ ಹೊರಬೀಳುತ್ತದೆ. ತುಂಬಿದಾಗ ಇದರಲ್ಲಿ ನಿಲ್ಲುವ ನೀರು 30 ಟಿಎಂಸಿ, ಎಂದರೆ ಮೂರು ಸಾವಿರ ಕೋಟಿ ಘನ ಅಡಿ. ಕೊಡಗಿನ ಮಳೆಯನ್ನೆಲ್ಲ ಹೊತ್ತು ತರುವ ಕಾವೇರಿಗೆ ಕಟ್ಟಿದ ಕನ್ನಂಬಾಡಿಯಲ್ಲಿ ಹಿಡಿಯುವುದು ಸುಮಾರು 49 ಟಿಎಂಸಿ. ವರ್ಷದ ಬಹುಪಾಲು ಮರಳಾಗಿರುವ ವೇದಾವತಿಗೆ ಅದರ ಅರ್ಧಕ್ಕಿಂತ ದೊಡ್ಡದಾದ ಪಾತ್ರೆಯೇಕೆ ಎಂದು ಯಾರಿಗಾದರೂ ಅನಿಸಬಹುದು. ಹಿರಿಯೂರಿನ ಕಥೆಯ ತಿರುಳು ಅಡಗಿರುವುದು ಈ ಪ್ರಶ್ನೆಯಲ್ಲಿಯೇ.

ನೀರಿನ ಹಗೇವು

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದೆ ಹಗೇವುಗಳಿದ್ದವು. ಸುಗ್ಗಿಯ ಕಾಲದಲ್ಲಿ ನೆಲದೊಳಗಿನ ಆ ಕಣಜಕ್ಕೆ ರಾಗಿಯನ್ನೋ ಜೋಳವನ್ನೋ ತುಂಬಿ ಬಾಯಿ ಮುಚ್ಚಿದರೆ, ಬರ ಬಂದ ವರ್ಷದಲ್ಲಿ ಮಾತ್ರ ಅದನ್ನು ತೆಗೆಯುತ್ತಿದ್ದರು. ಪ್ರತಿವರ್ಷ ತುಂಬಲೇಬೇಕೆಂಬ ನಿಯಮ ಹಗೇವಿಗಿಲ್ಲ. ಒಳ್ಳೆಯ ವರ್ಷದ ಉಳಿಕೆಯನ್ನು ಕೆಟ್ಟ ವರ್ಷಕ್ಕೆ ದಾಟಿಸುವುದು ಅದರ ಧರ್ಮ. ಮಾರಿ ಕಣಿವೆಯನ್ನು ನೀರಿನ ಹಗೇವು ಎಂದರೆ ತಪ್ಪಾಗಲಾರದು. ವರ್ಷವರ್ಷವೂ ತುಂಬಿ ವರ್ಷವರ್ಷವೂ ಬರಿದಾಗುವ ಕೆರೆಯ ಲೆಕ್ಕದಲ್ಲಿ ಅದನ್ನು ಕಟ್ಟಲಿಲ್ಲ. ಹಲವು ವರ್ಷಗಳಿಗೊಮ್ಮೆ ವೇದಾವತಿಯು ಉಕ್ಕಿ ಬಂದಾಗ ಆ ನೀರನ್ನು ಹಿಡಿದು, ಮುಂದಿನ ಒಣ ವರ್ಷಗಳಿಗೆ ಹಂಚಿಕೊಡಲೆಂದು ಕಟ್ಟಿದರು.

ಪವಿತ್ರ ಗ್ರಂಥವನ್ನು ಓದುವ ನಮ್ಮ ಮನೆಗಳಿಗೆ ಈ ವಿವೇಕವು ಹೊಸದೇನಲ್ಲ. ಆದಿಕಾಂಡದಲ್ಲಿ ಜೋಸೆಫನು ಫರೋಹನ ಕನಸನ್ನು ಬಿಡಿಸಿ ಹೇಳಿದ ಪ್ರಸಂಗವನ್ನು ಮಕ್ಕಳೂ ಬಲ್ಲರು. ಏಳು ಸಮೃದ್ಧಿಯ ವರ್ಷಗಳು, ಅವುಗಳ ಬೆನ್ನಿಗೆ ಏಳು ಕ್ಷಾಮದ ವರ್ಷಗಳು. ಸಮೃದ್ಧಿಯ ಕಾಲದಲ್ಲಿ ಕೂಡಿಟ್ಟವನು ಮಾತ್ರ ಕ್ಷಾಮದಲ್ಲಿ ನೆರೆಹೊರೆಯವರಿಗೂ ಅನ್ನ ಕೊಡಬಲ್ಲನು. ನೈಲ್ ನದಿಯ ದೇಶದಲ್ಲಿ ಧಾನ್ಯದ ಮೂಲಕ ಹೇಳಿದ ಪಾಠವನ್ನು ವೇದಾವತಿಯ ದಡದಲ್ಲಿ ನೀರಿನ ಮೂಲಕ ಕಲಿಯಬೇಕಾಯಿತು.

ಆದರೆ ಹಿರಿಯೂರಿನ ಪಾಲಿಗೆ ಏಳೇಳು ವರ್ಷಗಳ ಲೆಕ್ಕ ಸಾಲಲಿಲ್ಲ. ಕಟ್ಟೆ ಮುಗಿದು ಇಪ್ಪತ್ತಾರು ವರ್ಷಗಳಾದ ಮೇಲೆ, 1933ರಲ್ಲಿ, ಜಲಾಶಯವು ಮೊದಲ ಬಾರಿಗೆ ತುಂಬಿ ಕೋಡಿ ಹರಿಯಿತು. ಅಂದು ಕೋಡಿಯನ್ನು ಕಂಡವರು ಮನೆಗೆ ಬಂದು ಮಕ್ಕಳಿಗೆ ಹೇಳಿದರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಹೇಳಿದರು. ನೀರು ಆಸೆ ಹುಟ್ಟಿಸುವಷ್ಟು ಏರಿ ಮತ್ತೆ ಇಳಿದುಹೋದ ವರ್ಷಗಳುಂಟು. ಹೀಗೆ ಕೋಡಿ ಬೀಳುವುದೆಂಬುದು ಅಜ್ಜ ಕಂಡದ್ದು, ಮೊಮ್ಮಗ ಕೇಳಿದ್ದು ಎಂಬಂತೆ ಒಂದು ಕಥೆಯಾಗಿಹೋಯಿತು.

ನೀರು ಮುಟ್ಟಿದಲ್ಲಿ ಹಸಿರು

ತುಂಬದೆ ಇದ್ದರೂ ಕಟ್ಟೆಯು ಸುಮ್ಮನೆ ಕೂರಲಿಲ್ಲ. ಎಡದಂಡೆ, ಬಲದಂಡೆಗಳ ನಾಲೆಗಳ ಮೂಲಕ ಸುಮಾರು 25 ಸಾವಿರ ಎಕರೆ ಅಚ್ಚುಕಟ್ಟಿಗೆ ಅದು ನೀರುಣಿಸುತ್ತ ಬಂದಿತು. ನಾಲೆಯ ಒಂದು ಬದಿಯಲ್ಲಿ ತೆಂಗು, ಅಡಿಕೆ, ಬಾಳೆ, ಕಬ್ಬು, ಬತ್ತ. ಇನ್ನೊಂದು ಬದಿಯಲ್ಲಿ ಬೋಳು ಗುಡ್ಡ, ಕಡಲೆಕಾಯಿಯ ಹೊಲ. ನೀರು ಮುಟ್ಟಿದ ನೆಲಕ್ಕೂ ಮುಟ್ಟದ ನೆಲಕ್ಕೂ ಇರುವ ಅಂತರವನ್ನು ಶಾಲೆಯ ಮಕ್ಕಳಿಗೆ ತೋರಿಸಬೇಕಾದರೆ ಹಿರಿಯೂರಿನ ನಾಲೆಯ ಏರಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಊರಿನ ಸಮೀಪದ ಬಬ್ಬೂರು ಫಾರಂನಲ್ಲಿ ಒಣಭೂಮಿಯ ಬೇಸಾಯ ಹಾಗೂ ತೋಟಗಾರಿಕೆಗಳ ಸಂಶೋಧನೆ ನಡೆಯುತ್ತಿದೆ. ಇಂದು ಅಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕಾ ಮಹಾವಿದ್ಯಾಲಯವೂ ಇದೆ.

ನೀರಿನ ಭರವಸೆಯಿಂದ ಹುಟ್ಟಿದುದೆಲ್ಲವೂ ಉಳಿಯಲಿಲ್ಲ. ನಾಲೆಯ ಕಬ್ಬನ್ನು ನಂಬಿ ತಲೆಯೆತ್ತಿದ ಸಹಕಾರಿ ಸಕ್ಕರೆ ಕಾರ್ಖಾನೆಯು ನಿಂತುಹೋಯಿತು. ಕಬ್ಬು ಅರೆಯುವ ದಿನಗಳಲ್ಲಿ ಊರಿನ ಅಂಗಡಿ ಬೀದಿಗೆ ಬರುತ್ತಿದ್ದ ಕಳೆ, ಕೆಲಸದವರ ಮನೆಗಳಿಗೆ ಬರುತ್ತಿದ್ದ ಸಂಬಳ ಎರಡೂ ಅದರೊಡನೆ ಹೋದವು.

ಕಳೆದ ದಶಕದ ಬರಗಾಲದಲ್ಲಿ ಹಗೇವಿನ ತಳವೇ ಕಾಣತೊಡಗಿತು. ಜಲಾಶಯದಲ್ಲಿ 60 ಅಡಿಯ ಕೆಳಗಿನ ನೀರನ್ನು ತೆಗೆಯುವಂತಿಲ್ಲದ ತಳಸಂಗ್ರಹವೆಂದು ಎಣಿಸುತ್ತಾರೆ. ನೀರು ಆ ಮಟ್ಟದ ಸಮೀಪಕ್ಕೆ ಇಳಿಯಿತು. ನಾಲೆಗಳು ಒಣಗಿದವು. ಒಂದು ಕೊಳವೆ ಬಾವಿ ಬತ್ತಿದರೆ ಇನ್ನೊಂದು, ಅದು ಬತ್ತಿದರೆ ಮತ್ತೊಂದು ಎಂದು ರೈತರು ಸಾಲ ಮಾಡಿ ಕೊರೆಸಿದರು. ಟ್ಯಾಂಕರಿನಲ್ಲಿ ನೀರು ತಂದು ಮರಗಳ ಬುಡಕ್ಕೆ ಹಾಕಿ ತೋಟವನ್ನು ಉಳಿಸಿಕೊಳ್ಳಲು ಹೆಣಗಿದವರೂ ಇದ್ದರು. ತಂದೆಯ ಕಾಲದಲ್ಲಿ ನೆಟ್ಟ ತೆಂಗಿನ ಮರಗಳು ಸುಳಿ ಬಾಗಿ ಒಣಗಿ ನಿಂತಾಗ ಅವನ್ನು ಕಡಿಸಬೇಕಾಗಿ ಬಂದ ಮನೆಗಳ ಸಂಕಟ ಸಣ್ಣದಲ್ಲ. ತೆಂಗು ಒಂದು ವರ್ಷದ ಬೆಳೆಯಲ್ಲ. ಒಂದು ತೋಟ ಒಣಗಿತೆಂದರೆ ಒಂದು ತಲೆಮಾರಿನ ದುಡಿಮೆ ಒಣಗಿತೆಂದೇ ಅರ್ಥ.

ಈ ಸಂಕಟದಲ್ಲಿ ಹಿರಿಯೂರಿನ ಸ್ವಭಾವದ ಇನ್ನೊಂದು ಮುಖವೂ ಬೆಳಗಿತು. ಭದ್ರೆಯ ನೀರನ್ನು ವಾಣಿವಿಲಾಸ ಸಾಗರಕ್ಕೆ ತರಬೇಕೆಂದು ಇಲ್ಲಿನ ರೈತರು ದೀರ್ಘಕಾಲ ಧರಣಿ ಕುಳಿತರು. ಹಸಿರು ಶಾಲು ಹೊದ್ದ ಮುದುಕರು, ಮನೆಗೆಲಸ ಮುಗಿಸಿ ಬಂದ ಹೆಂಗಸರು, ವಕೀಲರು, ವ್ಯಾಪಾರಿಗಳು ಹೀಗೆ ಊರೇ ಆ ಹೋರಾಟದ ಬೆನ್ನಿಗಿತ್ತು. ಕಾಯುವುದೆಂದರೆ ಕೈಕಟ್ಟಿ ಕುಳಿತಿರುವುದಲ್ಲವೆಂಬುದನ್ನು ಅವರು ತೋರಿಸಿಕೊಟ್ಟರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಈ ಜಲಾಶಯಕ್ಕೆಂದು 2 ಟಿಎಂಸಿ ನೀರನ್ನು ಗೊತ್ತುಮಾಡಲಾಯಿತು. 2019ರಿಂದ ಭದ್ರೆಯಿಂದ ಎತ್ತಿದ ನೀರು ಅಜ್ಜಂಪುರದ ಸುರಂಗವನ್ನು ದಾಟಿ, ವೇದಾವತಿಯ ಹಳೆಯ ಪಾತ್ರದಲ್ಲಿಯೇ ಇಳಿದು, ಮಾರಿ ಕಣಿವೆಯನ್ನು ಸೇರತೊಡಗಿತು.

ಕೋಡಿ ಬಿದ್ದ ದಿನ

2022ರಲ್ಲಿ ಬಯಲುಸೀಮೆಗೆ ಅಪರೂಪದ ಮಳೆ ಸುರಿಯಿತು. ಜಲಾಶಯದ ಮಟ್ಟವು ದಿನದಿನಕ್ಕೆ ಏರಿದಂತೆ ಹಿರಿಯೂರಿನ ಮಾತೆಲ್ಲವೂ ಅಡಿಗಳ ಲೆಕ್ಕವಾಯಿತು. ಆ ವರ್ಷದ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ನೀರು 130 ಅಡಿಯನ್ನು ಮುಟ್ಟಿತು. 1933ರ ಬಳಿಕ ಮೊದಲ ಬಾರಿಗೆ, ಎಂಬತ್ತೊಂಬತ್ತು ವರ್ಷಗಳಾದ ಮೇಲೆ ಕೋಡಿ ಹರಿಯಿತು. ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಕಾಲ್ನಡಿಗೆಯಲ್ಲಿ ಜನ ಹರಿದುಬಂದರು. ತಾವು ಕೇಳಿದ್ದ ಕಥೆಯನ್ನು ತಮ್ಮ ಕಣ್ಣಿನಿಂದ ಕಂಡು ಕೈಮುಗಿದರು. ಮನೆಯ ಹಿರಿಯರನ್ನು ಮಕ್ಕಳು ಕೈಹಿಡಿದು ಕರೆತಂದು ತೋರಿಸಿದರು.

ಆದರೆ ಅದೇ ದಿನಗಳಲ್ಲಿ ಕಟ್ಟೆಯ ಹಿಂದಿನ ದಂಡೆಯಲ್ಲಿ ಬೇರೊಂದು ಚಿತ್ರವಿತ್ತು. ದಶಕಗಟ್ಟಲೆ ಬರಿದಾಗಿದ್ದ ಹಿನ್ನೀರಿನ ಅಂಚಿನಲ್ಲಿ ಹೊಸದುರ್ಗ ತಾಲ್ಲೂಕಿನ ರೈತರು ತೋಟಗಳನ್ನು ಮಾಡಿಕೊಂಡಿದ್ದರು, ಮನೆಗಳನ್ನು ಕಟ್ಟಿಕೊಂಡಿದ್ದರು. ನೀರು ಹಿಂದಕ್ಕೆ ಒತ್ತಿದಾಗ ತೋಟಗಳು ಮುಳುಗಿದವು, ಮನೆಗಳಿಗೆ ನೀರು ನುಗ್ಗಿತು, ದಾರಿಗಳು ಕಡಿದುಹೋದವು. ಕೋಡಿಯ ಎತ್ತರವನ್ನು ತಗ್ಗಿಸಬೇಕೆಂಬ ಕೂಗು ಹೊಸದುರ್ಗದಿಂದ ಎದ್ದಿತು. ಒಂದು ಅಡಿಯನ್ನೂ ತಗ್ಗಿಸಬಾರದೆಂಬ ಮಾತು ಹಿರಿಯೂರಿನಿಂದ ಬಂದಿತು. ಒಂದೇ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳು, ಒಂದೇ ನೀರು, ಒಬ್ಬರ ಮನೆಯಲ್ಲಿ ಹಬ್ಬ, ಇನ್ನೊಬ್ಬರ ಮನೆಯಲ್ಲಿ ನಷ್ಟ.

ಎಂಬತ್ತೊಂಬತ್ತು ವರ್ಷ ನೀರು ಬಾರದ ನೆಲವನ್ನು ನೀರಿನದೆಂದು ಭಾವಿಸುವುದು ಹೊಸದುರ್ಗದ ರೈತನಿಗೆ ಕಷ್ಟ. ಎಂಬತ್ತೊಂಬತ್ತು ವರ್ಷ ಕಾದ ನೀರನ್ನು ಹರಿಯಬಿಡುವುದು ಹಿರಿಯೂರಿನ ರೈತನಿಗೆ ಕಷ್ಟ. ಇಬ್ಬರಲ್ಲಿ ಯಾರನ್ನೂ ದೂರುವಂತಿಲ್ಲ. ಕಾಯುವುದು ಇಷ್ಟು ದೀರ್ಘವಾದಾಗ, ಯಾವುದಕ್ಕಾಗಿ ಕಾಯುತ್ತಿದ್ದೆವೋ ಅದು ಬಂದ ದಿನವೇ ಹೊಸ ಪ್ರಶ್ನೆಗಳನ್ನೂ ತರುತ್ತದೆ. ಹಿನ್ನೀರಿನ ಕುಟುಂಬಗಳ ನಷ್ಟವನ್ನು ನ್ಯಾಯವಾಗಿ ತುಂಬಿಕೊಡದೆ ತುಂಬಿದ ಜಲಾಶಯದ ಸಂತೋಷವು ಪೂರ್ಣವಾಗಲಾರದೆಂಬುದು ನಮ್ಮ ನಂಬಿಕೆ.

ದಾರಿಯ ಊರು

ನೀರಿನ ಮಾತಿನ ನಡುವೆ ದಾರಿಯ ಮಾತನ್ನೂ ಹೇಳದಿದ್ದರೆ ಹಿರಿಯೂರಿನ ಚಿತ್ರ ಅರ್ಧವಾದೀತು. ಪುಣೆ, ಬೆಂಗಳೂರುಗಳನ್ನು ಕೂಡಿಸುವ ಹೆದ್ದಾರಿಯೂ, ಬಳ್ಳಾರಿ, ಚಳ್ಳಕೆರೆಗಳಿಂದ ಹುಳಿಯಾರು, ಮೈಸೂರುಗಳ ಕಡೆಗೆ ಇಳಿಯುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ನಾಲ್ಕು ದಿಕ್ಕಿನ ಲಾರಿಗಳು, ನಾಲ್ಕು ದಿಕ್ಕಿನ ನುಡಿಗಳು ಇಲ್ಲಿ ಬೆರೆತವು. ಆಂಧ್ರದ ಗಡಿ ಸಮೀಪದಲ್ಲಿರುವುದರಿಂದ ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಭಾಷೆಗಳೂ ಸಂತೆಯಲ್ಲಿ ಕೇಳಿಬರುತ್ತವೆ. ಹಳೆಯ ದಿನಗಳಲ್ಲಿ ವಾಹನಗಳೆಲ್ಲವೂ ಊರೊಳಗಿನಿಂದಲೇ ಹೋಗುತ್ತಿದ್ದವು; ಹೋಟೆಲು, ಗ್ಯಾರೇಜು, ಹಣ್ಣಿನ ಗಾಡಿಗಳಿಗೆ ಅದೇ ಅನ್ನವಾಗಿತ್ತು. ಹೆದ್ದಾರಿಯು ಅಗಲವಾಗಿ ಊರ ಹೊರಗೆ ತಿರುಗಿದ ಮೇಲೆ ದೂಳು, ಗದ್ದಲಗಳು ಕಡಿಮೆಯಾದವು. ಜೊತೆಗೆ ದಾರಿಹೋಕರ ದುಡ್ಡೂ ಹೊರದಾರಿಯ ದೊಡ್ಡ ಹೋಟೆಲುಗಳ ಪಾಲಾಯಿತು.

ಹಿರಿಯೂರಿಗೆ ರೈಲು ಇಂದಿಗೂ ಬಂದಿಲ್ಲ. ಚಿಕ್ಕಜಾಜೂರಿನಿಂದ ಚಿತ್ರದುರ್ಗದ ಮೂಲಕ ರಾಯದುರ್ಗಕ್ಕೆ ಹೋಗುವ ಹಳಿಯು ಈ ಊರನ್ನು ಮುಟ್ಟದೆಯೇ ಸಾಗುತ್ತದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮಾರ್ಗವಾಗಿ ದಾವಣಗೆರೆಗೆ ಹೋಗುವ ನೇರ ಮಾರ್ಗದ ಕಾಮಗಾರಿ ನಡೆಯುತ್ತಿದೆ. ನೀರಿಗಾಗಿ ಎಂಬತ್ತೊಂಬತ್ತು ವರ್ಷ ಕಾದವರಿಗೆ ರೈಲಿಗಾಗಿ ಇನ್ನಷ್ಟು ಕಾಯುವುದು ಹೆಚ್ಚೇನಲ್ಲವೆಂದು ನಗೆಯಾಡಬಹುದು. ಆದರೆ ಓದಿಗಾಗಿ, ಕೆಲಸಕ್ಕಾಗಿ ದಿನವೂ ಬಸ್ಸು ಹಿಡಿಯುವ ಯುವಕ ಯುವತಿಯರಿಗೆ ಅದು ನಗೆಯ ಮಾತಲ್ಲ. 2011ರ ಜನಗಣತಿಯ ವೇಳೆಗೇ ಅರ್ಧ ಲಕ್ಷವನ್ನು ದಾಟಿದ್ದ ಈ ಊರು ಮನಸ್ಸಿನಲ್ಲಿ ಇನ್ನೂ ದೊಡ್ಡ ಹಳ್ಳಿಯೇ. ಅದರ ಮಕ್ಕಳು ಮಾತ್ರ ನಗರಗಳತ್ತ ಮುಖ ಮಾಡಿದ್ದಾರೆ.

ನಮ್ಮವರು, ನೆರೆಯವರು

ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳನ್ನೊಳಗೊಂಡ ಶಿವಮೊಗ್ಗ ಧರ್ಮಕ್ಷೇತ್ರವು ರೂಪುಗೊಂಡುದು 1988ರ ನವೆಂಬರ್ 14ರಂದು. ಕರಾವಳಿಯ ಊರುಗಳಂತೆ ಇಲ್ಲಿ ಕೂಗಳತೆಗೊಂದು ಇಗರ್ಜಿಯಿಲ್ಲ. ವಾರ್ಡಿನ ತುಂಬ ಕ್ರೈಸ್ತ ಮನೆಗಳೂ ಇಲ್ಲ. ಬಯಲುಸೀಮೆಯ ಕಥೋಲಿಕ ಕುಟುಂಬವೆಂದರೆ ನೂರು ಮನೆಗಳ ನಡುವಿನ ಒಂದು ಮನೆ. ಶಿಕ್ಷಕರಾಗಿ, ದಾದಿಯರಾಗಿ, ಸರ್ಕಾರದ ನೌಕರರಾಗಿ ಬಂದವರು ಬಾಡಿಗೆ ಮನೆಯಲ್ಲಿ ನೆಲೆಸಿ, ನೆರೆಯವರ ಕೊಡದ ಹಿಂದೆ ತಮ್ಮ ಕೊಡವನ್ನಿಟ್ಟು, ಹೀಗೆ ಊರಿನವರಾಗುತ್ತಾರೆ. ನೀರಿನ ಸರದಿಯಲ್ಲಿ ಕೊಡಗಳಿಗೆ ಜಾತಿಯಿಲ್ಲ, ಮತವಿಲ್ಲ; ಮೊದಲು ಬಂದವರದು ಮೊದಲು, ಮನೆಯಲ್ಲಿ ಬಾಣಂತಿಯಿದ್ದವರದು ಅದಕ್ಕಿಂತಲೂ ಮೊದಲು ಎಂಬುದು ಬರೆಯದ ಕಾನೂನು. ಒಣಸೀಮೆಯ ಊರುಗಳಲ್ಲಿ ಸೌಹಾರ್ದವೆಂಬ ದೊಡ್ಡ ಮಾತಿನ ನಿಜವಾದ ಪಾಠಶಾಲೆ ಈ ನಲ್ಲಿಯ ಕಟ್ಟೆ ಎಂದು ನಾವು ತಿಳಿದಿದ್ದೇವೆ.

ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪತ್ರದಲ್ಲಿ, ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದರು. ಹಿರಿಯೂರಿನ ತಾಯಂದಿರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ತುಂಬಿದ ಮೇಲೆ

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರವು ಮತ್ತೆ ತುಂಬಿತು. 1933ರ ತರುವಾಯ ಎಂಬತ್ತೊಂಬತ್ತು ವರ್ಷ ಹಿಡಿದ ಕೋಡಿಯು ಈ ಬಾರಿ ಮೂರೇ ವರ್ಷದೊಳಗೆ ಬಿದ್ದಿತು. ಅದೂ ಮಳೆಗಾಲ ಮುಗಿದ ಚಳಿಗಾಲದಲ್ಲಿ. ವೇದಾವತಿಗೆ ಭದ್ರೆಯು ಜೊತೆಗೂಡಿದುದರ ಫಲವಿದು. ರಾಜ್ಯದ ಮುಖ್ಯಮಂತ್ರಿಯವರು ಬಂದು ಬಾಗಿನ ಅರ್ಪಿಸಿದರು. ಈಗ ಹುಟ್ಟುವ ಹಿರಿಯೂರಿನ ಮಗುವಿಗೆ ಕೋಡಿಯೆಂಬುದು ಅಜ್ಜನ ಕಥೆಯಾಗಿ ಉಳಿಯಲಾರದು.

ಇದು ಸಂತೋಷದ ಸಂಗತಿಯೇ. ಆದರೆ ಇದರೊಳಗೆ ಒಂದು ಅಪಾಯವೂ ಇದೆ ಎಂದು ನಮಗನಿಸುತ್ತದೆ. ಹಗೇವು ತುಂಬಿರುವಾಗಲೇ ಹಗೇವಿನ ಅರ್ಥ ಮರೆತುಹೋಗುವುದು. ಇಂದು ಈ ನೀರಿಗೆ ಕೈಚಾಚುವವರು ಹಲವರು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳು ಇದನ್ನೇ ಕುಡಿಯುತ್ತವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ತಲೆಯೆತ್ತಿರುವ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇದರಲ್ಲಿ ಪಾಲಿದೆ. ಅಚ್ಚುಕಟ್ಟಿನ ರೈತರಿದ್ದಾರೆ, ನಾಲೆ ತಲುಪದೆ ಇನ್ನೂ ಒಣಗಿರುವ ಹೋಬಳಿಗಳ ರೈತರು ತಮ್ಮ ಕೆರೆಗಳಿಗೂ ನೀರು ಬೇಕೆಂದು ಕೇಳುತ್ತಿದ್ದಾರೆ. ಇವರೆಲ್ಲರ ಬೇಡಿಕೆಯೂ ನ್ಯಾಯವಾದುದೇ. 2023ರ ಕೇಂದ್ರ ಮುಂಗಡಪತ್ರದಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಲಾಯಿತು. ಆದರೆ ಭದ್ರೆಯೂ ಮಳೆಯ ಮಗಳೇ. ಮಲೆನಾಡಿನಲ್ಲಿ ಮಳೆ ತಪ್ಪಿದ ವರ್ಷ ಅವಳೂ ಬರಿಗೈಯವಳೇ. ತುಂಬಿದ ನೀರನ್ನು ಕಂಡು ತೋಟದ ಮೇಲೆ ತೋಟ ನೆಟ್ಟು, ಒಂದೆರಡು ವರ್ಷದಲ್ಲಿ ಬರಿದುಮಾಡಿಕೊಂಡರೆ, ಮುಂದಿನ ಬರದಲ್ಲಿ ಒಣಗುವ ತೆಂಗಿನ ಮರಗಳ ಸಂಖ್ಯೆ ಹೆಚ್ಚಾಗುವುದಲ್ಲದೆ ಕಡಿಮೆಯಾಗದು.

ನೂರ ಇಪ್ಪತ್ತೈದು ವರ್ಷಗಳ ಹಿಂದೆ ಮಾರಿ ಕಣಿವೆಯಲ್ಲಿ ಕಲ್ಲು ಹೊತ್ತ ಕೂಲಿಯವರಲ್ಲಿ ಹೆಚ್ಚಿನವರು ಅದು ತುಂಬಿದುದನ್ನು ಕಾಣದೆಯೇ ತೀರಿಕೊಂಡಿರಬೇಕು. ಕಟ್ಟಿಸಿದ ದಿವಾನರು 1901ರಲ್ಲಿ, ಕೆಲಸ ಇನ್ನೂ ಅರ್ಧದಲ್ಲಿರುವಾಗಲೇ ಕಣ್ಮುಚ್ಚಿದರು. ತಾವು ಕಾಣಲಾರದ ನೀರಿಗಾಗಿ, ತಾವು ಅರಿಯದ ಮಕ್ಕಳಿಗಾಗಿ ಅವರು ದುಡಿದರು. ತುಂಬಿದ ಸಾಗರದ ದಂಡೆಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ನಮ್ಮ ಕಾಲದವರ ಮುಂದೆ ಅವರು ಇಟ್ಟುಹೋದ ಪ್ರಶ್ನೆ ಒಂದೇ: ಮುಂದಿನ ಬರದ ವರ್ಷಕ್ಕಾಗಿ ನೀವೆಷ್ಟು ಉಳಿಸುವಿರಿ?

ಮುಂದೆ ಎಂದಾದರೂ ನಮ್ಮ ಓದುಗರ ಕುಟುಂಬಗಳು ಆ ಹೆದ್ದಾರಿಯಲ್ಲಿ ಪಯಣಿಸುವಾಗ, ಸಮಯವಿದ್ದರೆ ಪಶ್ಚಿಮಕ್ಕೆ ತಿರುಗಿ ವಾಣಿವಿಲಾಸಪುರದವರೆಗೆ ಹೋಗಿ ಬರಲಿ. ಗುಡ್ಡದ ಮೇಲಿನಿಂದ ನೋಡಿದರೆ ಜಲಾಶಯವು ಭಾರತದ ಭೂಪಟದಂತೆ ಕಾಣುವುದೆಂದು ಅಲ್ಲಿಯವರು ಅಭಿಮಾನದಿಂದ ತೋರಿಸುತ್ತಾರೆ. ಮಕ್ಕಳಿಗೆ ಆ ಭೂಪಟವನ್ನು ತೋರಿಸುವುದರ ಜೊತೆಗೆ, ಹಗೇವು ಎಂದರೇನೆಂಬುದನ್ನೂ ಹೇಳಿಕೊಟ್ಟರೆ ಆ ಪ್ರಯಾಣವು ಸಾರ್ಥಕವಾದೀತು.